ಬಾಡಿಗೆ ಮನೆಯಲ್ಲಿ 5.1: ನಾನು ಸ್ಪೀಕರ್ ಕೂರಿಸಿದ ಬಗೆ

ಹೋಮ್ ಥಿಯೇಟರ್ ಅಂದ ತಕ್ಷಣ ಎಲ್ಲರೂ ಕೇಳುವುದು "ಎಷ್ಟು ವಾಟ್ಸ್?" ಅಂತ. ನನ್ನನ್ನು ಕೇಳಿದರೆ ಮೊದಲ ಪ್ರಶ್ನೆ "ರೂಮು ಎಷ್ಟುದ್ದ?" ಅನ್ನುವುದು. ನಮ್ಮದು ಬೆಂಗಳೂರಿನಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಟಿವಿ ರೂಮು 14 ಅಡಿ ಉದ್ದ, 11 ಅಡಿ ಅಗಲ. ನೆಲಕ್ಕೆ ಟೈಲ್ಸ್, ಒಂದು ಪಕ್ಕ ದೊಡ್ಡ ಕಿಟಕಿ, ಮೂಲೆಯಲ್ಲಿ ಸ್ಟೀಲ್ ಬೀರು. ಗೋಡೆಗೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ, ಅದು ಓನರ್ ಅಪ್ಪಣೆ.

5.1 ಅಂದರೆ ಐದು ಸ್ಪೀಕರ್, ಜೊತೆಗೆ ತಗ್ಗು ಸ್ವರದ ಬಾಸ್ ಸದ್ದಿಗೆಂದೇ ಒಂದು ಸಬ್‌ವೂಫರ್. ಸಾಮಾನು ಅಂಥ ದೊಡ್ಡದೇನಲ್ಲ. ಒಂದು ಎವಿ ರಿಸೀವರ್ (ಟಿವಿಯ ಸದ್ದನ್ನು ಸ್ಪೀಕರ್‌ಗಳಿಗೆ ಹಂಚಿಕೊಡುವ ಪೆಟ್ಟಿಗೆ), ಮುಂದೆ ಸ್ಟ್ಯಾಂಡ್ ಮೇಲೆ ಎರಡು ಬುಕ್‌ಶೆಲ್ಫ್ ಸ್ಪೀಕರ್, ನಡುವೆ ಸೆಂಟರ್, ಹಿಂದೆ ಎರಡು ಚಿಕ್ಕ ಸರೌಂಡ್, 10 ಇಂಚಿನ ಸಬ್‌ವೂಫರ್. 16 ಗೇಜ್ ದಪ್ಪದ ಸ್ಪೀಕರ್ ವೈರನ್ನು ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ತಂದೆ. ವೈರ್ ಕೊಳ್ಳುವಾಗ ಒಂದು ಎಳೆಯನ್ನು ಬ್ಲೇಡಿನಲ್ಲಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅಷ್ಟೇ ದಪ್ಪದ ತಾಮ್ರಕ್ಕಿಂತ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ) ಜಾಸ್ತಿ.

ಮುಂದಿನ ಎರಡು ಸ್ಪೀಕರ್‌ಗಳನ್ನು ಕೂರಿಸಲು ಅಳತೆ ಟೇಪ್ ಒಂದೇ ಸಾಕು. ಅವೆರಡರ ನಡುವಿನ ಅಂತರ ಮತ್ತು ಒಂದೊಂದರಿಂದ ನನ್ನ ತಲೆಗಿರುವ ಅಂತರ ಮೂರನ್ನೂ ಸಮ ಮಾಡಿದರೆ, ಕೂತವರಿಗೆ ಎಡಬಲ ತಲಾ 30 ಡಿಗ್ರಿ ಸಿಗುತ್ತದೆ. ನಮ್ಮಲ್ಲಿ ಅದು 8 ಅಡಿಗೆ ಬಂತು. ಟ್ವೀಟರ್ (ಸ್ಪೀಕರ್‌ನಲ್ಲಿ ಏರು ಸ್ವರ ಹೊರಡಿಸುವ ಚಿಕ್ಕ ಭಾಗ) ಕಿವಿಯ ಮಟ್ಟಕ್ಕೆ ಇರಬೇಕು. ಸರೌಂಡ್‌ಗಳನ್ನು ಸೋಫಾದ ಎಡಬಲಕ್ಕೆ, ಕಿವಿಗಿಂತ ಸ್ವಲ್ಪ ಹಿಂದೆ, ಟಿವಿ ದಿಕ್ಕಿನಿಂದ ಅಳೆದರೆ 110 ಡಿಗ್ರಿ ಆಸುಪಾಸಿನಲ್ಲಿ ಇಟ್ಟೆ.

ಸೆಂಟರ್ ವಿಷಯದಲ್ಲಿ ಮಾತ್ರ ತಲೆ ಕೆಡಿಸಿಕೊಳ್ಳಲೇಬೇಕು. 5.1 ಮಿಕ್ಸ್‌ನಲ್ಲಿ ಸಂಭಾಷಣೆಯ ಹೆಚ್ಚಿನ ಪಾಲು ಬರುವುದೇ ಇದರಿಂದ. ಎಷ್ಟೋ ಮನೆಗಳಲ್ಲಿ ಇದನ್ನು ಟಿವಿ ಸ್ಟ್ಯಾಂಡಿನ ಗೂಡಿನೊಳಗೆ ತುರುಕಿರುತ್ತಾರೆ. ಆಮೇಲೆ "ಫೈಟ್ ಬಂದರೆ ಕಿವಿ ಹರಿಯುತ್ತೆ, ಮಾತು ಮಾತ್ರ ಕೇಳಲ್ಲ" ಅನ್ನುತ್ತಾರೆ. ನಾನು ಅದರ ಮೂತಿಯನ್ನು ಶೆಲ್ಫಿನ ಅಂಚಿನವರೆಗೂ ಎಳೆದು, ಮುಂಭಾಗದ ಕೆಳಗೆ ಬಾಗಿಲಿಗೆ ಇಡುವ ರಬ್ಬರ್ ತುಂಡನ್ನು ಕೊಟ್ಟೆ. ಮೊಣಕಾಲಿಗೆ ಹೋಗುತ್ತಿದ್ದ ಸದ್ದು ಮುಖಕ್ಕೆ ಬಂತು. ಕೊನೆಗೆ ಸೆಂಟರ್ ಲೆವೆಲ್ ಎರಡು ಡೆಸಿಬೆಲ್ ಏರಿಸಿದೆ. ಸಬ್‌ಟೈಟಲ್ ಇಲ್ಲದೆಯೇ ಮಾತು ಹಿಡಿಯಿತು.

ಇನ್ನು ಬಾಸ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 14 ಅಡಿ ಅಂದರೆ 4.27 ಮೀಟರ್. ಅದರ ಎರಡರಷ್ಟರಿಂದ 343 ಅನ್ನು ಭಾಗಿಸಿದರೆ ಸುಮಾರು 40 ಬರುತ್ತದೆ. ಅಂದರೆ 40 ಹರ್ಟ್ಸ್ (ಸೆಕೆಂಡಿಗೆ 40 ಕಂಪನ) ಸದ್ದು ಈ ರೂಮಿನ ಉದ್ದಕ್ಕೆ ಸರಿಯಾಗಿ ಕೂತು ಮೊರೆಯುತ್ತದೆ. ಗೋಡೆಯ ಹತ್ತಿರ ಅದರ ಜೋರು ಅತಿ ಹೆಚ್ಚು, ರೂಮಿನ ನಟ್ಟನಡುವೆ ಹೆಚ್ಚುಕಡಿಮೆ ಮಾಯ. ಸೋಫಾ ಗೋಡೆಗೆ ಒರಗಿಕೊಂಡಿದ್ದಾಗ ಬಾಸ್ ಬರೀ ಗುಂಯ್ ಅನ್ನುತ್ತಿದ್ದುದಕ್ಕೆ ಇದೇ ಕಾರಣ. ಸೋಫಾವನ್ನು ಮೂರೂವರೆ ಅಡಿ ಮುಂದೆ ತಂದೆ. "ಹಿಂದೆ ಅಷ್ಟೊಂದು ಜಾಗ ಸುಮ್ನೆ ವೇಸ್ಟ್ ಅಲ್ವಾ?" ಎಂಬ ಮಾತು ಮನೆಯಲ್ಲಿ ಈಗಲೂ ಬರುತ್ತಿರುತ್ತದೆ.

ಸಬ್‌ವೂಫರ್‌ಗೆ ಜಾಗ ಹುಡುಕುವ ವಿಧಾನ ನೋಡಲು ತಮಾಷೆ. ಸಬ್ ಅನ್ನು ಎತ್ತಿ ಸೋಫಾದ ಮೇಲೆ, ನಾವು ಕೂರುವ ಕಡೆ ಇಟ್ಟು, ಬಾಸ್ ಇರುವ ಹಾಡೊಂದನ್ನು ಹಾಕಿ, ನಾವು ಗೋಡೆಯುದ್ದಕ್ಕೂ ಅಂಬೆಗಾಲಿಡಬೇಕು. ಒಂದೊಂದು ಸ್ವರವೂ ಸಮನಾಗಿ, ಬಿಡಿಬಿಡಿಯಾಗಿ ಕೇಳುವ ಜಾಗವೇ ಅದರ ಜಾಗ. ನಮ್ಮಲ್ಲಿ ಅದು ಮೂಲೆಯಲ್ಲಲ್ಲ, ಟಿವಿ ಗೋಡೆಯ ಎಡಭಾಗದಲ್ಲಿ ಸಿಕ್ಕಿತು.

ಆಗ ಬೀರು ತಕರಾರು ತೆಗೆಯಿತು. ಯಾವುದೋ ಸೀನಿನಲ್ಲಿ ಜಿರ್ ಎನ್ನುವ ಸದ್ದು. ಫೋನಿನ ಟೋನ್ ಜನರೇಟರ್ ಆಪನ್ನು ರಿಸೀವರಿಗೆ ಜೋಡಿಸಿ 30 ಹರ್ಟ್ಸಿನಿಂದ ನಿಧಾನಕ್ಕೆ ಏರಿಸುತ್ತಾ ಹೋದೆ. 40ರ ಹತ್ತಿರ ಬೀರುವಿನ ಬಾಗಿಲೂ ಅದರಲ್ಲಿ ನೇತಾಡುತ್ತಿದ್ದ ಬೀಗದ ಕೈ ಗೊಂಚಲೂ ಒಟ್ಟಿಗೆ ಕುಣಿಯತೊಡಗಿದವು. ಹಳೇ ಸೈಕಲ್ ಟ್ಯೂಬಿನ ತುಂಡನ್ನು ಬಾಗಿಲ ಸಂದಿಗೆ ಸಿಕ್ಕಿಸಿ, ಗೊಂಚಲನ್ನು ಅಡುಗೆಮನೆಗೆ ಸಾಗಿಸಿದೆ. ಸಬ್ ಕೆಳಗೂ ದಪ್ಪ ರಬ್ಬರ್ ಪ್ಯಾಡ್ ಹಾಕಿದ್ದೇನೆ. ನೆಲ ಅದುರುವುದು ಕಮ್ಮಿಯಾಗುತ್ತದೆ, ಆದರೆ ಗಾಳಿಯಲ್ಲಿ ಹೋಗುವ ಬಾಸ್ ಅದಕ್ಕೆ ನಿಲ್ಲುವುದಿಲ್ಲ. ಹಾಗಾಗಿ ರಾತ್ರಿ ಹತ್ತರ ಮೇಲೆ, ಜೋರು ಸದ್ದನ್ನು ತಗ್ಗಿಸುವ ನೈಟ್ ಮೋಡ್.

ಟೈಲ್ಸ್ ನೆಲದ ರೂಮಿನಲ್ಲಿ ಚಪ್ಪಾಳೆ ತಟ್ಟಿದರೆ ಖಾಲಿ ಕಲ್ಯಾಣ ಮಂಟಪದ ಹಾಗೆ ಟಣ್ ಎನ್ನುತ್ತದೆ. ದೊಡ್ಡ ಜಮಖಾನ, ಕಿಟಕಿಗೆ ದಪ್ಪ ಪರದೆ, ಸೋಫಾದ ಹಿಂದೆ ಪುಸ್ತಕದ ಕಪಾಟು, ಇಷ್ಟಕ್ಕೇ ಮಾತು ಎಷ್ಟೋ ತಿಳಿಯಾಯಿತು. ಇದೆಲ್ಲಾ ಮುಗಿದ ಮೇಲೇ ರಿಸೀವರ್ ಜೊತೆ ಬಂದ, ರೂಮಿನ ಸದ್ದು ಅಳೆಯುವ ಮೈಕನ್ನು ಹೊರಗೆ ತೆಗೆದದ್ದು. ರೂಮು ಬದಲಾದರೆ ಅಳತೆಯೂ ಬದಲಾಗುತ್ತದೆ.

ಮೈಕನ್ನು ಸೋಫಾದ ಬೆನ್ನಿನ ಮೇಲೆ ಇಡಬೇಡಿ. ಟ್ರೈಪಾಡ್ ಮೇಲೆ, ಕಿವಿಯ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್ ಆಫ್ ಮಾಡಿ, ಕುಕ್ಕರ್ ವಿಷಲ್ ಮುಗಿಯುವ ತನಕ ಕಾಯಿರಿ. ಅಳತೆಯಾದ ಮೇಲೆ ರಿಸೀವರ್ ಹೇಳಿದ್ದನ್ನು ಒಮ್ಮೆ ಪರೀಕ್ಷಿಸಿ. ನನ್ನದು ಮುಂದಿನ ಸ್ಪೀಕರ್‌ಗಳನ್ನು 'ಲಾರ್ಜ್' (ಬಾಸ್ ಪೂರ್ತಿ ತಾವೇ ಹೊರುವಂಥವು) ಎಂದು ಬರೆದುಕೊಂಡಿತ್ತು. ಅದನ್ನು 'ಸ್ಮಾಲ್' ಮಾಡಿ ಕ್ರಾಸ್‌ಓವರ್ (ಸದ್ದನ್ನು ಸಬ್‌ಗೆ ಒಪ್ಪಿಸುವ ಗಡಿ) 80 ಹರ್ಟ್ಸ್‌ಗೆ ಇಟ್ಟೆ. ಅದರ ಕೆಳಗಿನ ಭಾರ ಸಬ್ ಹೊರಲಿ. ಸಬ್ ಇರುವ ದೂರವನ್ನು ಟೇಪಿಗಿಂತ ಜಾಸ್ತಿ ತೋರಿಸಿದರೆ ಮಾತ್ರ ಮುಟ್ಟಬೇಡಿ. ಸಬ್‌ನೊಳಗಿನ ಎಲೆಕ್ಟ್ರಾನಿಕ್ಸ್ ಸದ್ದನ್ನು ಸ್ವಲ್ಪ ತಡ ಮಾಡುತ್ತದೆ, ಆ ತಡವನ್ನು ರಿಸೀವರ್ ದೂರದ ಲೆಕ್ಕಕ್ಕೆ ಸೇರಿಸಿಕೊಂಡಿರುತ್ತದೆ.

ಟಿವಿಯ ಆಪ್‌ಗಳಿಂದಲೇ ಸಿನಿಮಾ ನೋಡುವವರು ಆಡಿಯೋ ಔಟ್‌ಪುಟ್ ಸೆಟ್ಟಿಂಗ್ ನೋಡಿಕೊಳ್ಳಿ. ಮಾಮೂಲಿ ಎಆರ್‌ಸಿಯಲ್ಲಿ (ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲಿನಲ್ಲೇ ರಿಸೀವರಿಗೆ ಕಳಿಸುವ ದಾರಿ) 'ಪಿಸಿಎಂ', ಅಂದರೆ ಟಿವಿಯೇ ಸದ್ದನ್ನು ಬಿಡಿಸಿ ಕಳಿಸುವ ಆಯ್ಕೆ, ಇಟ್ಟರೆ ಬರೀ ಎರಡೇ ಚಾನೆಲ್ ಬರುತ್ತದೆ. ಸದ್ದನ್ನು ಇದ್ದ ಹಾಗೇ ರಿಸೀವರಿಗೆ ದಾಟಿಸುವ 'ಪಾಸ್ ಥ್ರೂ' ಅಥವಾ 'ಬಿಟ್‌ಸ್ಟ್ರೀಮ್' ಇಡಬೇಕು. ರಿಸೀವರ್ ಮುಖದಲ್ಲಿ ಡಾಲ್ಬಿ ಡಿಜಿಟಲ್ ಪ್ಲಸ್ ಅಂತ ಬಂದರೆ ಸರಿ.

ಅಟ್ಮಾಸ್ (ತಲೆಯ ಮೇಲಿಂದಲೂ ಸದ್ದು ಕೊಡುವ ಡಾಲ್ಬಿ ವ್ಯವಸ್ಥೆ) ಯಾಕೆ ಹಾಕಿಸಲಿಲ್ಲ ಅಂತ ಕೇಳುವವರಿದ್ದಾರೆ. ಸೀಲಿಂಗ್ ಕೊರೆಯಲು ಓನರ್ ಬಿಡುವುದಿಲ್ಲ. ಮೇಲ್ಮುಖವಾಗಿ ಹೊಡೆಯುವ ಸ್ಪೀಕರ್‌ಗಳಿಗೆ ಸಪಾಟಾದ ಸೀಲಿಂಗ್ ಬೇಕು, ನಮ್ಮ ರೂಮಿನ ನಡುವೆ ಒಂದು ಬೀಮ್ ಹಾದುಹೋಗಿದೆ. ಆ ದುಡ್ಡಿನಲ್ಲಿ ಇನ್ನೊಂದು ಸಬ್ ತಂದು ಎದುರು ಗೋಡೆಗೆ ಇಡುವ ಯೋಚನೆ ಇದೆ. 40 ಹರ್ಟ್ಸ್ ಮೊರೆತವನ್ನು ತಗ್ಗಿಸಲು ನನಗೆ ಅದೇ ಒಳ್ಳೆಯ ದಾರಿ ಅನ್ನಿಸುತ್ತದೆ.