ಮೊದಲ ಮಳೆ ಗಿಡಕ್ಕೆ, ಉಳಿದದ್ದು ಸಂಪ್‌ಗೆ

2024ರ ಬೇಸಿಗೆಯಲ್ಲಿ ಬೆಂಗಳೂರಲ್ಲಿ ಇದ್ದವರಿಗೆ ನೀರಿನ ಕಷ್ಟ ಹೇಳಬೇಕಾಗಿಲ್ಲ. ನಮ್ಮ ಬೋರ್‌ವೆಲ್ ಮಾರ್ಚ್‌ನಲ್ಲೇ ಬತ್ತಿತು. ಟ್ಯಾಂಕರ್‌ನವರಿಗೆ ಫೋನ್ ಮಾಡಿದರೆ ಮೂರು ದಿನ ಕಾಯಿರಿ ಅನ್ನುತ್ತಿದ್ದರು. ಆಗಲೇ ನಾನು ತಾರಸಿಯ ಲೆಕ್ಕ ಹಾಕಿದ್ದು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಮ್ಮ ತಾರಸಿ ಸಾವಿರ ಚದರ ಅಡಿ, ಅಂದರೆ 93 ಚದರ ಮೀಟರ್. ಇಲ್ಲಿ ವರ್ಷಕ್ಕೆ ಸುಮಾರು 950 ಮಿ.ಮೀ. ಮಳೆ. ಚೆಲ್ಲಿದ್ದು, ಆವಿಯಾಗಿದ್ದು ಕಳೆದರೂ ಹತ್ತಿರ ಹತ್ತಿರ 70 ಸಾವಿರ ಲೀಟರ್! ಇಷ್ಟು ವರ್ಷ ಎಲ್ಲ ಮೋರಿ ಪಾಲಾಯ್ತಲ್ಲ ಅಂತ ಹೊಟ್ಟೆ ಉರಿಯಿತು.

ಮಳೆ ನೀರು ಹಿಡಿಯೋಣ ಅಂತ ಸಾಮಾನು ತಂದು ನಾನೇ ಶುರು ಮಾಡಿದೆ. ತಾರಸಿಯಿಂದ ಇಳಿಯುವ ನಾಲ್ಕು ಇಂಚಿನ ಪೈಪಿಗೆ T ಆಕಾರದ ಒಂದು ಜೋಡಣೆ ಕೂರಿಸಿ, ಒಂದು ಕವಲನ್ನು ಫಿಲ್ಟರ್ ಡ್ರಮ್ಮಿಗೆ ಕೊಟ್ಟೆ, ಕೆಳಗೆ ಹತ್ತು ಅಡಿ ಪೈಪ್ ಇಳಿಬಿಟ್ಟು ತುದಿಗೆ ಮುಚ್ಚಳ ಹಾಕಿದೆ. ಮೊದಲು ಬರುವ ಕೊಳೆ ನೀರು ಆ ಪೈಪಿನಲ್ಲಿ ತುಂಬಿಕೊಳ್ಳಲಿ, ಆಮೇಲಿನದು ಫಿಲ್ಟರ್‌ಗೆ ಹೋಗಿ, ಅಲ್ಲಿಂದ ಸಂಪ್‌ಗೆ, ಅಂದರೆ ನೆಲದೊಳಗಿನ ನೀರಿನ ತೊಟ್ಟಿಗೆ ಇಳಿಯಲಿ ಅಂತ.

"ಮೊದಲ ಮಳೆ ನೀರು ಹಿಡೀಬಾರದು ಕಣೋ, ಸೂರಿನ ಕೊಳೆಯೆಲ್ಲ ಅದರಲ್ಲೇ ಬರತ್ತೆ" ಅಂದಿದ್ದರು ಅಮ್ಮ. ಎಷ್ಟು ಬಿಡಬೇಕು ಅನ್ನೋದು ನನಗೆ ಗೊತ್ತಿರಲಿಲ್ಲ. ಮೇ ಮೊದಲ ವಾರ ಭರಣಿ ಮಳೆ ಬಂತು. ಪೈಪಿನಲ್ಲಿ ಹಿಡಿಸುವುದು ಬರೀ 25 ಲೀಟರ್, ಅದು ನಿಮಿಷದಲ್ಲಿ ತುಂಬಿಹೋಯಿತು. ಹಿಂದೆಯೇ ಚಹಾ ಬಣ್ಣದ ನೀರು, ಪಾರಿವಾಳದ ಹಿಕ್ಕೆ, ಕೊಳೆತ ಎಲೆ ಎಲ್ಲ ಫಿಲ್ಟರ್ ಮೇಲೆ ಬಂದು ಕೂತವು. ಫಿಲ್ಟರ್‌ನಲ್ಲಿ ನಾನು ಮನೆ ಕಟ್ಟಿದಾಗ ಉಳಿದಿದ್ದ ಎಂ-ಸ್ಯಾಂಡನ್ನು (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ತೊಳೆಯದೆ ಸುರಿದಿದ್ದೆ. ಅದರ ಪುಡಿ ಕೆಸರಿನಂತೆ ಕಟ್ಟಿಕೊಂಡು ನೀರು ಕೆಳಗೆ ಇಳಿಯಲೇ ಇಲ್ಲ. ಡ್ರಮ್ ಉಕ್ಕಿ ಅಂಗಳವೆಲ್ಲ ನೀರು. ಕೊಡೆ ಹಿಡಿದು ನಿಂತು ನೋಡುವಾಗ ತುಂಬಾ ಬೇಜಾರಾಯಿತು.

ಮತ್ತೆ ಲೆಕ್ಕಕ್ಕೆ ಕೂತೆ. ಮೊದಲ 2 ಮಿ.ಮೀ. ಮಳೆ ಬಿಡಬೇಕು ಅಂದರೆ ನಮ್ಮ ತಾರಸಿಗೆ 186 ಲೀಟರ್. ಹಾಗಾಗಿ ಪೈಪ್ ತೆಗೆದು 200 ಲೀಟರ್‌ನ ಮುಚ್ಚಿದ ಡ್ರಮ್ ಇಟ್ಟೆ, ತಳಕ್ಕೆ ಒಂದು ನಲ್ಲಿ. ಫಿಲ್ಟರ್‌ಗೆ ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಇದ್ದಿಲು, ಅದರ ಮೇಲೆ ದಪ್ಪ ಮರಳು, ನಡುನಡುವೆ ನೈಲಾನ್ ಬಲೆ. ಮರಳನ್ನು ಈ ಸಲ ತೊಳೆದ ನೀರು ತಿಳಿಯಾಗುವವರೆಗೂ ತೊಳೆದೆ, ಆರೇಳು ಸಲ ಆಗಿರಬೇಕು. ಮಗಳು ನೇರ ಗೋಡೆಯ ಡಬ್ಬಕ್ಕೆ ಸ್ಕೇಲ್ ಅಂಟಿಸಿ ತಾರಸಿಯಲ್ಲಿಟ್ಟು ಮಳೆ ಅಳೆಯುತ್ತಾಳೆ. ಜೂನ್‌ನಲ್ಲಿ ಒಂದು ರಾತ್ರಿ 20 ಮಿ.ಮೀ. ಬಿತ್ತು. ಬೆಳಿಗ್ಗೆ ಸಂಪಿನೊಳಗೆ ಕೋಲು ಇಳಿಸಿ ನೋಡಿದರೆ ಸಾವಿರದ ನಾನೂರು ಲೀಟರ್ ಜಾಸ್ತಿಯಾಗಿತ್ತು. ಅವಳೇ ಗುಣಿಸಿ, ಡ್ರಮ್ಮಿಗೆ ಹೋದದ್ದು, ಚೆಲ್ಲಿದ್ದು, ಆವಿಯಾಗಿದ್ದು ಕಳೆದು, ಲೆಕ್ಕ ಹತ್ತಿರ ಹತ್ತಿರ ಸರಿಹೋಯ್ತು ಅಂತ ಕುಣಿದಳು.

ನೀರಲ್ಲಿ ಕರಗಿದ ಲವಣ ಎಷ್ಟಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಅದ್ದಿದೆ. ಬೋರ್ ನೀರು ಇದ್ದಾಗ ಲೀಟರಿಗೆ 900 ಮಿ.ಗ್ರಾಂ. ದಾಟುತ್ತಿತ್ತು, ಮಳೆ ನೀರು 40. ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಆದರೆ ಒಂದು ಮಾತು, ಟಿಡಿಎಸ್ ಕಡಿಮೆ ಅಂದರೆ ಕುಡಿಯಬಹುದು ಅಂತಲ್ಲ. ಆ ಮೀಟರ್ ಕರಗಿದ ಲವಣಗಳನ್ನು ಅಳೆಯುತ್ತದೆ, ಕ್ರಿಮಿಗಳನ್ನಲ್ಲ. ನಾವು ಕುದಿಸದೆ ಕುಡಿಯುವುದಿಲ್ಲ. ಸೊಳ್ಳೆಯ ವಿಷಯದಲ್ಲೂ ಸಲಿಗೆ ಬೇಡ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಲ್ಲೇ, ಅದಕ್ಕೇ ಪೈಪಿನ ಪ್ರತಿ ಬಾಯಿಗೂ ಸಣ್ಣ ಬಲೆ ಬಿಗಿದಿದ್ದೇನೆ. ಮಳೆ ನಿಂತ ಮರುದಿನವೇ ಮೊದಲ ಮಳೆ ಹಿಡಿಯುವ ಡ್ರಮ್ಮಿನ ನಲ್ಲಿ ತಿರುಗಿಸಿ ಖಾಲಿ ಮಾಡುತ್ತೇವೆ, ಆ ನೀರು ಕರಿಬೇವಿನ ಗಿಡಕ್ಕೆ.