ಎಡಗೈ ಎತ್ತಿದರೆ ನಿಲ್ಲಿಸುತ್ತೇನೆ: ಹಲ್ಲಿನ ಚಿಕಿತ್ಸೆಯ ಭಯ ಮತ್ತು ನನ್ನ ಅನುಭವ

ದಾವಣಗೆರೆಯಲ್ಲಿ ದಂತವೈದ್ಯನಾಗಿ ಕ್ಲಿನಿಕ್ ತೆರೆದ ಮೊದಲ ವರ್ಷ ಹರಿಹರದ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದರು. ಕೆಳದವಡೆಯ ಹಲ್ಲಿನ ಬುಡದಲ್ಲಿ ಕೀವು ತುಂಬಿ ಕೆನ್ನೆ ಬಾತಿತ್ತು. ಅವರ ನಡುಕ ಕಂಡು ನಾನು, "ಏನೂ ನೋವಾಗಲ್ಲ ಅಕ್ಕಾ" ಎಂದೆ. ಸೋಂಕಾದ ಜಾಗದಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಮರಗಟ್ಟಿಸುವ ಔಷಧ ನರದ ಒಳಗೆ ಸಾಕಷ್ಟು ಇಳಿಯುವುದಿಲ್ಲ ಎಂಬುದನ್ನು ಓದಿ ಪರೀಕ್ಷೆ ಬರೆದವನೇ, ಆ ದಿನ ಕಾಯದೆ ಇಕ್ಕಳ ಹಾಕಿದೆ. ಅವರು ಚೀರಿದರು, "ಸ್ವಲ್ಪ ತಡ್ಕೊಳ್ಳಿ" ಎನ್ನುತ್ತಲೇ ಹಲ್ಲು ಕಿತ್ತೆ. ಹೊರಡುವಾಗ ಅವರು ಬಾಯಿಗೆ ಹತ್ತಿ ಒತ್ತಿಕೊಂಡೇ, "ಆಗಲ್ಲ ಅಂದಿದ್ರಲ್ರೀ ಡಾಕ್ಟ್ರೇ" ಎಂದರು. ಮತ್ತೆ ಅವರು ನನ್ನಲ್ಲಿಗೆ ಬರಲಿಲ್ಲ. ನೋವಿಗಿಂತ ನನ್ನ ಸುಳ್ಳೇ ಅವರನ್ನು ಹೆಚ್ಚು ನೋಯಿಸಿತ್ತು ಎಂಬುದು ನನಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು.

ಆಮೇಲೆ ನಾನು ಮೊದಲು ಬದಲಿಸಿದ್ದು ಮಾತನ್ನು. ಈಗ "ನೋವಾಗುವುದಿಲ್ಲ" ಎನ್ನುವುದಿಲ್ಲ. "ಸೂಜಿ ಇರುವೆ ಕಚ್ಚಿದಂತೆ ಚುರುಕ್ ಎನ್ನುತ್ತದೆ, ಆಮೇಲೆ ತುಟಿ ದಪ್ಪಗಾದಂತೆ ಅನಿಸುತ್ತದೆ, ಹಲ್ಲು ಕೀಳುವಾಗ ಒತ್ತಡವೂ ಕರಕರ ಸದ್ದೂ ತಿಳಿಯುತ್ತವೆ, ಆದರೆ ಚೂಪಾದ ನೋವು ತಿಳಿಯಬಾರದು, ತಿಳಿದರೆ ಎಡಗೈ ಎತ್ತಿ, ಆ ಕ್ಷಣವೇ ನಿಲ್ಲಿಸುತ್ತೇನೆ" ಎನ್ನುತ್ತೇನೆ. ನಾನು ಅವರ ಬಲಭಾಗದಲ್ಲಿ ಕುಳಿತಿರುವುದರಿಂದ ಬಲಗೈ ಎತ್ತಿದರೆ ನನ್ನ ಕೈಯಲ್ಲಿರುವ ಉಪಕರಣಕ್ಕೆ ತಗಲುವ ಅಪಾಯವಿದೆ. ಹಿರಿಯರೊಬ್ಬರು ವೈದ್ಯರ ಮುಂದೆ ಎಡಗೈ ಎತ್ತುವುದು ಮರ್ಯಾದೆಯೇ ಎಂದು ಸಂಕೋಚಪಟ್ಟಿದ್ದರಿಂದ ಈಗ ಈ ಕಾರಣವನ್ನೂ ಬಿಡಿಸಿ ಹೇಳುತ್ತೇನೆ.

ಕೈ ಎತ್ತಿದಾಗ ನಿಜವಾಗಿಯೂ ನಿಲ್ಲಿಸಬೇಕು. ಇನ್ನರ್ಧ ನಿಮಿಷದಲ್ಲಿ ಮುಗಿಯುತ್ತದೆ ಎಂದು ಮುಂದುವರಿಸಿದರೆ ಕೊಟ್ಟ ಮಾತು ಅಲ್ಲಿಗೇ ಮುರಿಯುತ್ತದೆ. ರೂಟ್ ಕೆನಾಲ್‌ಗೆ ಬಂದ ಗಿರಣಿ ಕಾರ್ಮಿಕರೊಬ್ಬರು ಮೊದಲ ಹತ್ತು ನಿಮಿಷದಲ್ಲಿ ನಾಲ್ಕು ಬಾರಿ ಕೈ ಎತ್ತಿದರು. ನೋವಿದೆಯೇ ಎಂದು ಕೇಳಿದರೆ ಪ್ರತಿ ಬಾರಿಯೂ ಇಲ್ಲವೆಂದು ತಲೆಯಾಡಿಸಿದರು. ನಾನು ನಿಲ್ಲಿಸುತ್ತೇನೆಯೋ ಇಲ್ಲವೋ ಎಂದು ಅವರು ನೋಡುತ್ತಿದ್ದರು. ಐದನೆಯ ಬಾರಿ ಕೈ ಏಳಲೇ ಇಲ್ಲ. ಕುರ್ಚಿಯ ತೋಳನ್ನು ಬಿಗಿಹಿಡಿದಿದ್ದ ಬೆರಳುಗಳೂ ಸಡಿಲವಾದವು.

ಸೂಜಿಯ ವಿಷಯದಲ್ಲಿ ಆತುರವೇ ದೊಡ್ಡ ಶತ್ರು. ಒಸಡನ್ನು ಒರೆಸಿ ಒಣಗಿಸಿ, ಮರಗಟ್ಟಿಸುವ ಜೆಲ್ ಹಚ್ಚಿ, ಒಂದೆರಡು ನಿಮಿಷ ಕಾಯುತ್ತೇನೆ. ಕೆನ್ನೆಯನ್ನು ಬಿಗಿಯಾಗಿ ಎಳೆದು ಹಿಡಿದು, ಮರಗಟ್ಟಿಸುವ ಔಷಧವಾದ ಲಿಗ್ನೊಕೇನ್ ಒಂದು ಮಿಲಿಲೀಟರ್ ಇಳಿಯಲು ಸುಮಾರು ಒಂದು ನಿಮಿಷ ತೆಗೆದುಕೊಳ್ಳುತ್ತೇನೆ, ಏಕೆಂದರೆ ಔಷಧ ರಭಸದಿಂದ ಒಳನುಗ್ಗಿದಾಗ ಅಂಗಾಂಶ ಹಿಗ್ಗಿ ಆಗುವ ನೋವು ಅನೇಕ ಬಾರಿ ಚುಚ್ಚಿದ ನೋವಿಗಿಂತ ಹೆಚ್ಚು. ಔಷಧದ ಜೊತೆಗಿರುವ ಅಡ್ರಿನಲಿನ್‌ನಿಂದ ಕೆಲವರಿಗೆ ಸ್ವಲ್ಪ ಹೊತ್ತು ಎದೆ ಹೊಡೆದುಕೊಳ್ಳುತ್ತದೆ. ಮೊದಲೇ ಹೇಳದಿದ್ದರೆ ಅವರು ಹೃದಯಕ್ಕೇ ಏನೋ ಆಯಿತೆಂದು ಗಾಬರಿಯಾಗುತ್ತಾರೆ. ಹೃದಯದ ತೊಂದರೆ, ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ವಿಚಾರವನ್ನು ಸೂಜಿ ತೆಗೆಯುವ ಮುನ್ನವೇ ಕೇಳಿರುತ್ತೇನೆ. ಹಸಿದ ಹೊಟ್ಟೆಯಲ್ಲಿ ಬಂದವರಿಗೆ ತಲೆಸುತ್ತು ಬರುವ ಸಾಧ್ಯತೆ ಹೆಚ್ಚಾದ್ದರಿಂದ, ಹಲ್ಲು ಕೀಳಿಸಲು ಉಪವಾಸವಿರಬೇಕೆಂದು ನಂಬಿ ಬಂದವರನ್ನು ತಿಂಡಿ ತಿಂದು ಬನ್ನಿರೆಂದು ಕಳುಹಿಸುತ್ತೇನೆ.

ಭಯದ ಅಳತೆಗೆ ಐದು ಪ್ರಶ್ನೆಗಳ ಒಂದು ಅಂಕಪಟ್ಟಿಯಿದೆ. ನಾಳೆ ಚಿಕಿತ್ಸೆಯಿದ್ದರೆ ಇಂದು ಹೇಗನಿಸುತ್ತದೆ, ಕಾಯುವಾಗ ಹೇಗನಿಸುತ್ತದೆ, ಸೂಜಿ ಎಂದರೆ ಹೇಗನಿಸುತ್ತದೆ ಎಂಬಂಥ ಪ್ರಶ್ನೆಗಳಿಗೆ 5ರಿಂದ 25ರವರೆಗೆ ಅಂಕ ಬರುತ್ತದೆ; 19 ಅಥವಾ ಅದಕ್ಕಿಂತ ಹೆಚ್ಚಾದರೆ ಭಯ ತೀವ್ರವೆಂದು ಎಣಿಸುತ್ತೇವೆ. ಕಾಗದ ಕೊಡುವ ಬದಲು ನಾನು ಇವನ್ನು ಮಾತಿನಲ್ಲೇ ಕೇಳುತ್ತೇನೆ, ಅದೂ ಕುರ್ಚಿಯಲ್ಲಿ ಒರಗಿಸುವ ಮುನ್ನ, ಎದುರುಬದುರು ಕುಳಿತು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬ ನಂಬಿಕೆ ಹೊರಬರುವುದು ಆಗಲೇ. ಅದನ್ನು ನಗೆಯಾಡಬಾರದು. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ ಎಂದು ಚಿತ್ರ ತೋರಿಸಿದರೆ ಅಜ್ಜಿಯರೂ ಒಪ್ಪುತ್ತಾರೆ.

ಮಕ್ಕಳ ವಿಷಯದಲ್ಲಿ ನನ್ನ ಅರ್ಧ ಕೆಲಸ ತಂದೆತಾಯಿಯರೊಂದಿಗೆ. "ಗಲಾಟೆ ಮಾಡಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ ನೋಡು" ಎಂದು ಮನೆಯಲ್ಲೇ ಹೆದರಿಸಿ ಕರೆತಂದ ಮಗುವಿಗೆ ಮೊದಲ ದಿನ ಏನೂ ಮಾಡದೆ, ಕನ್ನಡಿ ಕೊಟ್ಟು ಹಲ್ಲು ಎಣಿಸಿ, ತಿರುಗುವ ಬ್ರಷ್ಷನ್ನು ಅದರ ಉಗುರಿನ ಮೇಲೆ ಮುಟ್ಟಿಸಿ ಕಳುಹಿಸುತ್ತೇನೆ.

ಚನ್ನಗಿರಿಯ ಕಡೆಯಿಂದ ಬರುವ, ವರ್ಷಗಟ್ಟಲೆ ಅಡಿಕೆ ಜಗಿದು ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾದವರ ಭಯ ಬೇರೆ ಬಗೆಯದು. ಅವರು ನೋವಿಗಿಂತ ವೈದ್ಯರ ಬೈಗುಳಕ್ಕೆ ಹೆದರಿರುತ್ತಾರೆ. ಹಿಂದೆಲ್ಲ ನಾನೂ ಬೈದಿದ್ದೇನೆ. ಬೈಸಿಕೊಂಡವರು ಬರುವುದನ್ನೇ ನಿಲ್ಲಿಸಿದರೆ, ಬಾಯೊಳಗಿನ ಬಿಳಿಚಿಕೊಂಡ ಬಿಗಿ ಚರ್ಮ ಕ್ಯಾನ್ಸರಿಗೆ ತಿರುಗುತ್ತಿದೆಯೇ ಎಂದು ನೋಡುವವರು ಯಾರೂ ಇರುವುದಿಲ್ಲ. ಈಗ ಮೊದಲ ಭೇಟಿಯಲ್ಲಿ ಎಷ್ಟು ವರ್ಷದಿಂದ ಜಗಿಯುತ್ತಿದ್ದೀರಿ ಎಂದಷ್ಟೇ ಕೇಳಿ, ಬಾಯಿ ಎಷ್ಟು ತೆರೆಯುತ್ತದೆಂದು ಅಳೆದು ಬರೆದುಕೊಂಡು, ಬಿಡುವ ಮಾತನ್ನು ಎರಡನೆಯ ಭೇಟಿಗೆ ಇಟ್ಟುಕೊಳ್ಳುತ್ತೇನೆ. ಆ ಎರಡನೆಯ ಭೇಟಿಗೆ ಈಗ ಮೊದಲಿಗಿಂತ ಹೆಚ್ಚು ಜನ ಬರುತ್ತಿದ್ದಾರೆ.