ಎಪ್ಪತ್ತು ದಾಟಿದರೆ ನಡುಗುತ್ತಿದ್ದ ಪದ್ಮಿನಿ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಎನ್‌ಎಚ್ 48ರಲ್ಲಿ ಹೊರಟರೆ ನಮ್ಮ ಹಳೇ ಕಾರು ಪ್ರೀಮಿಯರ್ ಪದ್ಮಿನಿ ಗಂಟೆಗೆ 60 ಕಿ.ಮೀ. ವೇಗದವರೆಗೆ ತಣ್ಣಗಿರುತ್ತಿತ್ತು. 70 ದಾಟಿತೋ, ಸೀಟಿನಡಿ ಗಡಗಡ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ. ಸ್ಟೇರಿಂಗ್ ನಡುಕ ನಿಂತಿತು, ಸೀಟಿನದು ಹಾಗೇ ಉಳಿಯಿತು. "ವಯಸ್ಸಾಗೇತಿ ಸಾರ್, ನಿಧಾನ ಹೊಡೀರಿ" ಎಂದರು ಮೆಕ್ಯಾನಿಕ್. ನನಗೆ ಸಮಾಧಾನವಾಗಲಿಲ್ಲ.

ಭರಮಸಾಗರ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಾಗ 75ರಲ್ಲಿ ಒಂದು ಕ್ಷಣ ನ್ಯೂಟ್ರಲ್ ಮಾಡಿ ನೋಡಿದೆ. ಎಂಜಿನ್ ಸದ್ದು ಇಳಿಯಿತು, ನಡುಕ ಇಳಿಯಲಿಲ್ಲ. ಅಂದಮೇಲೆ ತಪ್ಪು ಎಂಜಿನ್ನಿನದಲ್ಲ, ಚಕ್ರದ ಜೊತೆ ತಿರುಗುವ ಯಾವುದೋ ಭಾಗದ್ದು. ಈ ಗಾಡಿಗೆ ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ, ನಡುವೆ ಆ ಎಳೆತ ಒಯ್ಯುವ ಉದ್ದನೆಯ ತಿರುಗುವ ದಂಡ, ಪ್ರೊಪೆಲ್ಲರ್ ಶಾಫ್ಟ್. ಕೆಳಗೆ ಮಲಗಿ ಶಾಫ್ಟನ್ನು ಕೈಯಲ್ಲಿ ಅತ್ತಿತ್ತ ತಿರುವಿದರೆ ಟಕ್ ಟಕ್. ಬಿಚ್ಚಿದಾಗ ಹಿಂದಿನ ಕ್ರಾಸ್‌ನ (ಶಾಫ್ಟಿನ ತುದಿಯಲ್ಲಿ ಬಾಗಿ ತಿರುಗಲು ಬಿಡುವ ಕೂಡುಕೀಲು) ಕಪ್ಪಿನೊಳಗೆ ಗ್ರೀಸ್ ಇರಬೇಕಾದಲ್ಲಿ ಬರೀ ಕೆಂಪು ತುಕ್ಕಿನ ಪುಡಿ, ಸೂಜಿ ರೋಲರ್‌ಗಳು ಸವೆದು ಹೋಗಿದ್ದವು.

ಹೊಸ ಕ್ರಾಸ್ ಹಾಕಿಸಿದೆ. ಬಿಚ್ಚುವ ಮೊದಲೇ ಶಾಫ್ಟಿಗೂ ಅದನ್ನು ಬೋಲ್ಟ್ ಮಾಡುವ ಫ್ಲಾಂಜಿಗೂ ಗುರುತು ಹಾಕಿಕೊಂಡು ಅದೇ ಗುರುತಿಗೆ ಕೂರಿಸಿ, ಇಲ್ಲದಿದ್ದರೆ ಬ್ಯಾಲೆನ್ಸ್ ಕೆಡಬಹುದು. ಈಗ 80ರಲ್ಲೂ ಪಕ್ಕದವರ ಮಾತು ಕೇಳಿಸುತ್ತದೆ. 1089 ಸಿಸಿ, ನಾಲ್ಕೇ ಗೇರ್, ಡ್ರಮ್ ಬ್ರೇಕ್. ಹಾಗಾಗಿ 80ಕ್ಕಿಂತ ಜಾಸ್ತಿ ಓಡಿಸಲ್ಲ, ಮುಂದಿನ ಲಾರಿಯಿಂದ ದೂರಾನೇ ಇರ್ತೀನಿ.